ಮಾಡಿ ನೋಡದ ಹೊಡೆತ ಬರೆಯುವ ಹಾಗಿಲ್ಲ

ಜನವರಿ 9

ಗುಂಡ,

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಈ ಮನೆಯಲ್ಲಿ ನಾನು ಎಲ್ಲಿ ನಿಂತು ಫೋನ್ ಮಾಡಿದರೂ ನಿನ್ನ ಭಾವನಿಗೆ ಕೇಳಿಸುತ್ತದೆ. ಇಡೀ ದಿನ ಕೂತಲ್ಲೇ ಕೂತು ಅವರ ಕಿವಿ ಅಷ್ಟು ಚುರುಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಎಡಮಂಡಿಯ ಆಪರೇಷನ್ ಚೆನ್ನಾಗಿ ಆಗಿದೆ ಎಂದು ಡಾಕ್ಟರು ಹೇಳುತ್ತಾರೆ. ಆದರೆ ದಿನಾ ಎದ್ದು ನಿಲ್ಲಬೇಕು, ಮಂಡಿ ಮಡಿಸಬೇಕು, ಇಲ್ಲದಿದ್ದರೆ ಅದು ಹೀಗೇ ಮರದ ತುಂಡಿನ ಹಾಗೆ ಉಳಿದುಬಿಡುತ್ತದಂತೆ. ವ್ಯಾಯಾಮ ಹೇಳಿಕೊಡಲು ಒಬ್ಬಳು ಹುಡುಗಿ ಬರುತ್ತಾಳೆ. ಇವರು ಅವಳನ್ನು ಕೂರಿಸಿ ಕಾಫಿ ಕೊಡಿಸಿ, "ಇವತ್ತು ಬೇಡಮ್ಮ, ನಾಳೆ ನೋಡೋಣ" ಎಂದು ಕಳಿಸಿಬಿಡುತ್ತಾರೆ. ಆಮೇಲೆ ಕಿಟಕಿ ಪಕ್ಕದ ಕುರ್ಚಿ, ಆಚೆ ಕಡೆ ನೋಟ. ಕ್ಲಬ್ಬಿನವರು ಜೂನ್ ತನಕ ಕಾಯುತ್ತೇವೆ, ಆಮೇಲೆ ಮಕ್ಕಳಿಗೆ ಕತ್ತಿವರಸೆ ಕಲಿಸಲು ಬೇರೆಯವರನ್ನು ನೋಡಬೇಕಾಗುತ್ತದೆ ಎಂದಿದ್ದಾರೆ. ಅದನ್ನು ಕೇಳಿಯೂ ಇವರು "ಸರಿ" ಅಂದರು. ಬಯ್ಯಲಿಲ್ಲ. ಇವರು ಬಯ್ಯದೆ ಸುಮ್ಮನಾದರೆ ನನಗೆ ಭಯ.

ನೀವಿಬ್ಬರೂ ಮಾತು ಬಿಟ್ಟು ವರ್ಷವಾಗುತ್ತಾ ಬಂತು. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕಿ ಕಥೆ ನಡೆಸುವ ನಿಮ್ಮ ಶನಿವಾರದ ಆಟಕ್ಕೆ ಇವರನ್ನು ಎಳೆದುಕೊಂಡು ಬಂದವಳು ನಾನೇ. ಇವರ ಮಹಾಶೂರ ಕತ್ತಿಗಾರನನ್ನು ಒಬ್ಬ ಅಡಿಗೆಯವನು ಸೌಟಿನಿಂದ ಕೊಂದ. ದಾಳ ಹಾಗೆ ಬಿತ್ತು. ಇವರು "ಇದು ಕತ್ತಿವರಸೆ ಅಲ್ಲ, ಲಾಟರಿ" ಅಂದರು. ನೀನು ಸುಮ್ಮನಿರಬಹುದಿತ್ತು. "ನೀವು ನಿಜವಾಗಿ ಯಾರನ್ನ ಕೊಂದಿದ್ದೀರಿ ಭಾವ? ಮಕ್ಕಳಿಗೆ ಬಿಳಿ ಬಟ್ಟೆ ಹಾಕಿ ಕುಣಿಸ್ತೀರಿ, ಅಷ್ಟೆ ತಾನೇ" ಅಂದೆ. ಆಮೇಲೆ ಅವರು ಆಸ್ಪತ್ರೆಯಲ್ಲಿ ನಿದ್ದೆ ಮಾಡುತ್ತಿದ್ದಾಗ ಬಂದು, ಬಾಗಿಲಲ್ಲೇ ನಿಂತು ನೋಡಿ ಹೋದೆ. ಅದನ್ನು ನಾನು ಅವರಿಗೆ ಹೇಳಿಲ್ಲ.

ಕ್ಷಮೆ ಕೇಳು ಎಂದು ನಾನು ಹೇಳುತ್ತಿಲ್ಲ. ಕ್ಷಮೆ ಕೇಳಿದರೆ ಅವರು ಅದಕ್ಕೂ "ಸರಿ" ಅಂದುಬಿಡುತ್ತಾರೆ. ಅವರ ಜೊತೆ ಜಗಳ ಆಡು. ನಿನ್ನಷ್ಟು ಚೆನ್ನಾಗಿ ಅವರನ್ನು ಕೆರಳಿಸುವವರು ಬೇರೆ ಯಾರೂ ಇಲ್ಲ.

ನಿನ್ನ ಅಕ್ಕ


ಜನವರಿ 17

ಭಾವನವರಿಗೆ,

ನಾನಿಲ್ಲಿ ಕ್ಷೇಮ. ತಾವು ಕ್ಷೇಮವಿಲ್ಲ ಎಂದು ಕೇಳಿದ್ದೇನೆ, ಆದ್ದರಿಂದ ಸಭ್ಯತೆಗೆ ಕೇಳುವ ಪ್ರಶ್ನೆಗಳನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ನನ್ನ ಮೇಜಿನ ಮೇಲೆ ತಮ್ಮ ಕತ್ತಿಗಾರ ಸತ್ತ. ತಾವು ಆಟದ ಪುಸ್ತಕವನ್ನು ಮುಚ್ಚಿ, ಅದರ ಮೇಲೆ ದಾಳ ಇಟ್ಟು, ಚಪ್ಪಲಿ ಹಾಕಿಕೊಂಡು ಹೋದಿರಿ. ನನ್ನ ಗೆಳೆಯರು ಈಗಲೂ ಆಟದಲ್ಲಿ ಯಾರಾದರೂ ಸತ್ತರೆ "ಚಪ್ಪಲಿ ಹಾಕ್ಕೊಂಡ" ಅನ್ನುತ್ತಾರೆ. ತಮ್ಮ ಹೆಸರು ಅಷ್ಟರಮಟ್ಟಿಗೆ ಉಳಿದಿದೆ.

ಈಗ ತಮಗೆ ಬಿಡುವು ಇದೆ ಎಂದು ತಿಳಿದು ಸವಾಲು ಹಾಕುತ್ತಿದ್ದೇನೆ. ಒಂದು ದಾರಿಬದಿಯ ತಂಗುಮನೆ. ಮೂಲೆಯ ಮೇಜಿನಲ್ಲಿ ತಮ್ಮವನು ಕೂತಿದ್ದಾನೆ. ಬಾಗಿಲು ತೆಗೆದುಕೊಂಡು ನನ್ನವನು ಒಳಗೆ ಬರುತ್ತಾನೆ, ಕತ್ತಿ ಹಿರಿಯುತ್ತಾನೆ. ಒಂದು ಕಾಗದಕ್ಕೆ ಒಂದು ವರಸೆ. ನಾನು ಇಲ್ಲಿಂದ ಹೊಡೆಯುತ್ತೇನೆ, ತಾವು ಅಲ್ಲಿಂದ ಹೊಡೆಯಿರಿ. ಫೋನಿನಲ್ಲಿ ಬೇಡ, ತಾವು ಮಧ್ಯೆ ಬಾಯಿ ಹಾಕುತ್ತೀರಿ. ಇಬ್ಬರಿಗೂ ತಲಾ ಇಪ್ಪತ್ತು ಪ್ರಾಣದ ಪಾಯಿಂಟು. ಪೆಟ್ಟು ಬಿದ್ದಷ್ಟೂ ಕಳೆಯುತ್ತಾ ಹೋಗುವುದು, ಸೊನ್ನೆಯಾದವನು ಚಪ್ಪಲಿ ಹಾಕಿಕೊಳ್ಳುವುದು. ದಾಳವನ್ನು ನಾನೇ ಹಾಕುತ್ತೇನೆ, ಪ್ರಾಮಾಣಿಕವಾಗಿ.

ಭಯವಾದರೆ ಉತ್ತರ ಬರೆಯಬೇಡಿ. ನಾನು ಅರ್ಥ ಮಾಡಿಕೊಳ್ಳುತ್ತೇನೆ.

ತಮ್ಮ ವಿಧೇಯ ಭಾಮೈದ


ಜನವರಿ 30

ಭಾಮೈದನಿಗೆ,

ನಿನ್ನ ಅಕ್ಕ ನಿನಗೆ ಕಾಗದ ಬರೆದದ್ದು ನನಗೆ ಗೊತ್ತು. ಅಂಚೆ ಚೀಟಿ ಎಲ್ಲಿದೆ ಎಂದು ಅವಳು ನನ್ನನ್ನೇ ಕೇಳಿದಳು. ಹೀಗಿದೆ ನಿಮ್ಮಿಬ್ಬರ ಸಂಚು. ಉತ್ತರ ಬರೆಯಬಾರದು ಎಂದೇ ಇದ್ದೆ. ಆದರೆ ಪ್ರಾಣದ ಪಾಯಿಂಟು ಎನ್ನುವ ಮಾತು ಓದಿದ ಮೇಲೆ ಊಟ ಸೇರುತ್ತಿಲ್ಲ.

ಇಪ್ಪತ್ತರಲ್ಲಿ ಹತ್ತೊಂಬತ್ತು ಕಳೆದವನು ನಿನ್ನ ಪುಸ್ತಕದ ಪ್ರಕಾರ ಇಪ್ಪತ್ತೂ ಇರುವವನ ಹಾಗೆಯೇ ಕುಣಿಯುತ್ತಾನೆ, ಮೆಟ್ಟಿಲು ಹತ್ತುತ್ತಾನೆ, ಹಾಡುತ್ತಾನೆ. ಇನ್ನೊಂದು ಹೋದ ಕೂಡಲೇ ದೊಪ್ಪನೆ ಸಾಯುತ್ತಾನೆ. ಮನುಷ್ಯನೋ ಟಾರ್ಚಿನ ಬ್ಯಾಟರಿಯೋ? ಮತ್ತೆ ಒಬ್ಬನು ಹೊಡೆಯುವಾಗ ಇನ್ನೊಬ್ಬನು ಟಿಕೆಟ್ ಸಾಲಿನಲ್ಲಿ ನಿಂತವನ ಹಾಗೆ ತನ್ನ ಸರದಿಗೆ ಕಾಯುತ್ತಾನೆ. ಕತ್ತಿ ಹಿಡಿದು ನಿಂತವನಿಗೆ ಮೊದಲು ಪೆಟ್ಟು ಬೀಳುವುದು ಕೈಗೆ, ಯಾಕೆಂದರೆ ಎದುರಿನವನಿಗೆ ಎಲ್ಲಕ್ಕಿಂತ ಹತ್ತಿರ ಇರುವುದು ಅದೇ. ನಿನ್ನ ಪುಸ್ತಕದಲ್ಲಿ ಯಾರಿಗೂ ಕೈಯೇ ಇಲ್ಲ. ಎಲ್ಲಕ್ಕಿಂತ ದೊಡ್ಡದು ಅಂತರ. ಹೊಡೆಯಬೇಕಾದರೆ ಹತ್ತಿರ ಹೋಗಬೇಕು, ಹತ್ತಿರ ಹೋದರೆ ಹೊಡೆಸಿಕೊಳ್ಳಬೇಕು. ಇಡೀ ವಿದ್ಯೆ ಇರುವುದು ಆ ಒಂದು ಹೆಜ್ಜೆಯಲ್ಲಿ. ನಿನ್ನ ಆಟದಲ್ಲಿ ಆ ಹೆಜ್ಜೆಗೆ ಹೆಸರು ಕೂಡ ಇಲ್ಲ.

ಆದ್ದರಿಂದ ದಾಳ ಇಲ್ಲ, ಪಾಯಿಂಟು ಇಲ್ಲ. ನನ್ನ ನಿಯಮ ಒಂದೇ. ಮಾಡಿ ನೋಡದ ಹೊಡೆತವನ್ನು ಬರೆಯುವ ಹಾಗಿಲ್ಲ. ಕೈಯಲ್ಲಿ ಒಂದು ಕೋಲು ಹಿಡಿದು, ನಿನ್ನದೇ ಮೈಯಿಂದ, ಒಬ್ಬರ ಎದುರಿಗೆ ಮಾಡಬೇಕು. ಅವರು ಕಾಗದದ ಕೆಳಗೆ ಸಾಕ್ಷಿ ಹಾಕಬೇಕು. ಮೈ ಏನು ಮಾಡಿತೋ ಅದೇ ಕಥೆಯಲ್ಲೂ ಆದದ್ದು. ಗಾಯವಾದರೆ, ಗಾಯವಾದ ಭಾಗವನ್ನು ಒಂದು ದಿನ ಕಟ್ಟಿಕೊಂಡು ಓಡಾಡಬೇಕು. ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಸ್ಟೂಲಿನ ಮೇಲೆ ಕೂತು ಪೆಟ್ಟಿಗೆಯ ನಕ್ಷೆ ಬರೆಯುವ ನಿನಗೆ, ಕತ್ತಿ ಎಂದರೆ ಏನು ಎಂದು ಆಗ ಗೊತ್ತಾಗುತ್ತದೆ.

ಹೊಡಿ ನೋಡೋಣ. ನನ್ನವನು ಕೂತಿದ್ದಾನೆ. ನಿನ್ನಂಥವನಿಗೆ ಅವನು ಏಳಬೇಕಾಗಿಲ್ಲ.

ನಿನ್ನ ಭಾವ


ಫೆಬ್ರವರಿ 12

ಭಾವನವರಿಗೆ,

ನಿಯಮ ಒಪ್ಪಿದೆ. ಆಮೇಲೆ ಅನುಭವಿಸಿದೆ.

ನಮ್ಮಲ್ಲಿ ಕತ್ತಿಗೆ ಬರವಿಲ್ಲ, ಉದ್ದನೆಯ ರಟ್ಟಿನ ಕೊಳವೆಗಳು ಗೋಡೆಗೆ ಒರಗಿ ನಿಂತಿವೆ. ಊಟದ ಬಿಡುವಿನಲ್ಲಿ ಕಾಗದದ ಗೋದಾಮಿಗೆ ಹೋದೆ. ಸಾಕ್ಷಿಗೆ ಕಟಿಂಗ್ ಯಂತ್ರ ನಡೆಸುವ ಮೇಡಂ ಬಂದರು. ಅವರಿಗೆ ವಿಷಯ ವಿವರಿಸಿದೆ. ಅವರು ಬುತ್ತಿ ಮುಚ್ಚಿ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ನ್ಯಾಯಾಧೀಶರ ಹಾಗೆ ಕೂತರು.

ನನ್ನವನು ಎರಡೂ ಕೈಯಲ್ಲಿ ಕತ್ತಿಯನ್ನು ತಲೆಯ ಮೇಲೆತ್ತಿ ತಮ್ಮವನ ನಡುನೆತ್ತಿಗೆ ಬೀಸಬೇಕು ಎನ್ನುವುದು ನನ್ನ ಯೋಜನೆ. ಪುಸ್ತಕದ ಚಿತ್ರದಲ್ಲಿ ಎಲ್ಲರೂ ಹಾಗೆಯೇ ಬೀಸುತ್ತಾರೆ. ಎತ್ತಿದೆ. ಗೋದಾಮಿನ ಟ್ಯೂಬ್‌ಲೈಟ್ ಅಲ್ಲೇ ಇತ್ತು. ಗಾಜು ಬಿತ್ತು. ಅದರಿಂದ ತಪ್ಪಿಸಿಕೊಳ್ಳಲು ಕಾಲು ಅಗಲಿಸಿ ಬಗ್ಗಿದಾಗ ಪ್ಯಾಂಟು ಹೊಲಿಗೆ ಬಿಟ್ಟಿತು. ಸದ್ದು ಕೇಳಿ ಸೂಪರ್‌ವೈಸರ್ ಓಡಿ ಬಂದರು. "ಏನ್ರೀ ಇದು?" ಅಂದರು. ಕಟಿಂಗ್ ಮೇಡಂ ನನಗಿಂತ ಮೊದಲೇ "ಅವರ ಭಾವನ್ನ ಕೊಲ್ತಾ ಇದ್ದಾರೆ ಸಾರ್" ಅಂದುಬಿಟ್ಟರು. ಸಂಜೆಯ ತನಕ ನನ್ನನ್ನು ಎಲ್ಲರೂ ದೂರದಿಂದಲೇ ಮಾತಾಡಿಸಿದರು.

ಮೈ ಮಾಡಿದ್ದೇ ಕಥೆ ಎಂದು ತಾವೇ ಹೇಳಿದ್ದೀರಿ. ಹಾಗಾಗಿ ನನ್ನವನ ಕತ್ತಿ ತಂಗುಮನೆಯ ಮಾಡಿನ ತೊಲೆಗೆ ಸಿಕ್ಕಿಕೊಂಡಿದೆ. ಅವನ ಪ್ಯಾಂಟಿನ ವಿಷಯವನ್ನು ಕಥೆಯಲ್ಲಿ ಸೇರಿಸಬೇಕೇ ಎಂಬುದು ತಮಗೆ ಬಿಟ್ಟದ್ದು.

ತಮ್ಮ ಭಾಮೈದ

ಸಾಕ್ಷಿ: ಕಟಿಂಗ್ ಮೇಡಂ. ಮಾಡಿದ್ದು ನಿಜ. ನೋಡೋಕೆ ಆಗ್ಲಿಲ್ಲ.


ಫೆಬ್ರವರಿ 24

ಭಾಮೈದನಿಗೆ,

ಪ್ಯಾಂಟು ಸೇರಿಸಲೇಬೇಕು. ಬಹಳ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ, ಮೈ ಕುಲುಕಿ ಮಂಡಿಗೆ ಹೊಲಿಗೆ ಹಾಕಿದ ಜಾಗ ಎಳೆದು ನೋವಾಯಿತು. ಅದೂ ನಿನ್ನ ಲೆಕ್ಕಕ್ಕೇ.

ತಲೆಯ ಮೇಲೆ ಕತ್ತಿ ಎತ್ತಿದವನ ಎರಡು ಕೈಯೂ ಎದುರಿನವನಿಗೆ ಬಿಟ್ಟಿ ಸಿಗುತ್ತವೆ. ನನ್ನ ಹತ್ತಿರ ಕತ್ತಿ ಇಲ್ಲ, ಕ್ಲಬ್ಬಿನ ಬೀಗದ ಕೋಣೆಯಲ್ಲಿವೆ. ಕೊಡೆ ಇದೆ. ನಿನ್ನ ಅಕ್ಕನನ್ನು ಎದುರಿಗೆ ನಿಲ್ಲಿಸಿ, ಕೈ ಎತ್ತಲು ಹೇಳಿ, ಕುರ್ಚಿಯಿಂದ ಏಳದೆ ಅವಳ ಮಣಿಕಟ್ಟಿಗೆ ಕೊಡೆಯ ತುದಿ ತಾಗಿಸಿದೆ. ನಿನ್ನವನ ಬಲಗೈ ಹೋಯಿತು. ಕಟ್ಟಿಕೊ. ನಾಳೆಯೆಲ್ಲ ಎಡಗೈಯಲ್ಲಿ ಕೆಲಸ ಮಾಡು.

ನನ್ನವನು ಇನ್ನೂ ಕೂತೇ ಇದ್ದಾನೆ. ಅವನ ಲೋಟದಲ್ಲಿದ್ದದ್ದು ಒಂದು ಹನಿಯೂ ಚೆಲ್ಲಿಲ್ಲ.

ನಿನ್ನ ಭಾವ

ಸಾಕ್ಷಿ: ಅಕ್ಕ. ತಾಗಿದ್ದು ನಿಜ, ಕೆಂಪಗಾಗಿದೆ. ಲ್ಯಾಬಿನಲ್ಲಿ ನಾನು ದಿನಾ ಎಷ್ಟೋ ಜನಕ್ಕೆ ಸೂಜಿ ಚುಚ್ಚಿ ರಕ್ತ ತೆಗೆಯುತ್ತೇನೆ, ಯಾರೂ ಇಷ್ಟು ಗಲಾಟೆ ಮಾಡುವುದಿಲ್ಲ. ಗುಂಡ, ಇನ್ನೊಂದು ಮಾತು, ಇದನ್ನು ಇವರಿಗೆ ತೋರಿಸದೆ ಬರೆಯುತ್ತಿದ್ದೇನೆ. ನಿಯಮ ಮಾಡುವಾಗ ಇವರು ತಮ್ಮ ಮಂಡಿಯನ್ನು ಮರೆತಿದ್ದಾರೆ. ಇನ್ನೂ ನೆನಪಾಗಿಲ್ಲ.


ಮಾರ್ಚ್ 8

ಭಾವನವರಿಗೆ,

ಬಲಗೈಯನ್ನು ಟವೆಲಿನಿಂದ ಕೊರಳಿಗೆ ಕಟ್ಟಿಕೊಂಡು ಕೆಲಸಕ್ಕೆ ಹೋದೆ. ಎಡಗೈಯಲ್ಲಿ ಹಲ್ಲುಜ್ಜಿದರೆ ಮೂಗಿಗೆ ಪೇಸ್ಟು. ಎಡಗೈಯಲ್ಲಿ ಬರೆದ ನಕ್ಷೆಯ ಪ್ರಕಾರ ಬಿಸ್ಕತ್ತಿನ ಪೆಟ್ಟಿಗೆಯೊಂದರ ಮಾದರಿ ತಯಾರಾಗಿದೆ, ಅದಕ್ಕೆ ಮುಚ್ಚಳ ತಳದಲ್ಲಿದೆ. ಕಟಿಂಗ್ ಮೇಡಂ ಅದನ್ನು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದಾರೆ. ತಮ್ಮ ಮಾತು ಒಪ್ಪುತ್ತೇನೆ. ಪುಸ್ತಕದ ಪ್ರಕಾರ ನನಗೆ ಹೋದದ್ದು ಬರೀ ನಾಲ್ಕು ಪಾಯಿಂಟು. ಪ್ಯಾಂಟಿನ ಗುಂಡಿ ಹಾಕಿಕೊಳ್ಳಲಾಗದವನು ಯಾವ ಪಾಯಿಂಟಿನ ಲೆಕ್ಕದಲ್ಲೂ ಶೂರನಲ್ಲ.

ಈಗ ನನ್ನ ವರಸೆ. ತೊಲೆಯಿಂದ ಕತ್ತಿಯನ್ನು ಎಡಗೈಯಲ್ಲಿ ಕಿತ್ತುಕೊಂಡ ನನ್ನವನು ತಮ್ಮವನ ಹತ್ತಿರ ಬರಲೇ ಇಲ್ಲ. ದೂರದಿಂದಲೇ, ಗೋಡೆ ಹಿಡಿದುಕೊಂಡು, ಮೆಲ್ಲಗೆ ಸುತ್ತುಹಾಕಿ ತಮ್ಮವನ ಕುರ್ಚಿಯ ಬೆನ್ನಿಗೆ ಬಂದು ನಿಂತಿದ್ದಾನೆ. ಗೋದಾಮಿನಲ್ಲಿ ಮೇಡಮ್ಮನ್ನು ಕುರ್ಚಿಯಲ್ಲಿ ಕೂರಿಸಿ ಮಾಡಿ ನೋಡಿದೆ. ಕೂತವರು ಬೆನ್ನ ಹಿಂದೆ ಇರುವವನಿಗೆ ಏನೂ ಮಾಡಲಾಗದು. ಅಂತರ ಎಂದರೇನು ಎಂದು ಸ್ವಲ್ಪ ಸ್ವಲ್ಪ ಅರ್ಥವಾಗುತ್ತಿದೆ.

ತಮ್ಮವನು ಏಳಬೇಕು ಭಾವ. ಬೇರೆ ದಾರಿ ನನಗಂತೂ ಕಾಣುತ್ತಿಲ್ಲ.

ತಮ್ಮ ಭಾಮೈದ

ಸಾಕ್ಷಿ: ಕಟಿಂಗ್ ಮೇಡಂ. ನಿಜ. ಹಿಂದೆ ಯಾರಾದ್ರೂ ನಿಂತ್ರೆ ನಂಗೆ ಮೈ ಉರಿಯುತ್ತೆ.


ಮಾರ್ಚ್ 29

ಭಾಮೈದನಿಗೆ,

ತಡವಾಯಿತು. ಕಾರಣ ನಿನಗೆ ಗೊತ್ತು, ಗೊತ್ತಿದ್ದೇ ಬರೆದೆ. ನನ್ನ ನಿಯಮದಿಂದ ನನ್ನನ್ನೇ ಕಟ್ಟಿಹಾಕಿದ್ದೀಯ. ನಿನ್ನ ಕಾಗದ ಓದಿ ಎರಡು ದಿನ ನಿನ್ನನ್ನು ಬಯ್ದೆ. ಆಮೇಲೆ ವ್ಯಾಯಾಮದ ಹುಡುಗಿ ಬಂದಾಗ, "ಕಾಫಿ ಆಮೇಲೆ ಕುಡಿಯೋಣ. ಕುರ್ಚಿಯಿಂದ ಎದ್ದು ಹಿಂದಕ್ಕೆ ತಿರುಗಬೇಕು, ಎಷ್ಟು ದಿನ ಬೇಕು?" ಎಂದು ಕೇಳಿದೆ. ಅವಳು ತನ್ನ ಚೀಲವನ್ನು ಕೆಳಗಿಟ್ಟು, "ಹಿಂದೆ ಏನಿದೆ ಸಾರ್?" ಅಂದಳು. ನನ್ನ ಭಾಮೈದ ಇದ್ದಾನೆ ಎಂದೆ. ಅವಳು ಹಿಂದಕ್ಕೆ ತಿರುಗಿ ನೋಡಿದಳು.

ಕಿಟಕಿಯ ಸರಳು ಹಿಡಿದು ಎದ್ದೆ. ಮೊದಲ ದಿನ ಎದ್ದಷ್ಟೇ ಬೇಗ ಕೂತೆ. ಮಂಡಿಯನ್ನು ಯಾರೋ ಒಳಗಿನಿಂದ ಹಿಡಿದು ಹಿಂಡಿದ ಹಾಗೆ ಆಗುತ್ತದೆ. ಅವಳು ಹೇಳಿಕೊಟ್ಟ ಹಾಗೆ ದಿನಾ ಮಡಿಸಿದೆ, ಬಿಚ್ಚಿದೆ, ಮಡಿಸಿದೆ. ನಿನ್ನೆ ಸರಳು ಬಿಟ್ಟು ನಿಂತು, ಬಲಗಾಲಿನ ಮೇಲೆ ತಿರುಗಿ, ಕೊಡೆಯನ್ನು ಮುಂದಕ್ಕೆ ಹಿಡಿದೆ. ಕುರ್ಚಿ ಈಗ ನಮ್ಮಿಬ್ಬರ ಮಧ್ಯೆ ಇದೆ, ಅದನ್ನು ದಾಟದೆ ನೀನು ನನ್ನನ್ನು ಮುಟ್ಟಲಾರೆ. ನನ್ನವನು ಎದ್ದಿದ್ದಾನೆ ಎಂದು ಬರೆದುಕೊ.

ನಿನ್ನ ಭಾವ

ಸಾಕ್ಷಿ: ಅಕ್ಕ. ನಿಂತರು. ನಾನು ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ಅತ್ತು ಬಂದೆ. ಇದನ್ನು ಇವರು ಓದುತ್ತಾರೆ, ಓದಲಿ.


ಏಪ್ರಿಲ್ 11

ಭಾವನವರಿಗೆ,

ತಮ್ಮವನು ಎದ್ದ ಸುದ್ದಿಗೆ ಗೋದಾಮಿನಲ್ಲಿ ಚಪ್ಪಾಳೆ ಬಿತ್ತು. ಸೂಪರ್‌ವೈಸರ್ ಕೂಡ ಈಗ ಊಟದ ಹೊತ್ತಿಗೆ ಬಂದು "ಏನಾಯ್ತು, ಸತ್ತರಾ?" ಎಂದು ವಿಚಾರಿಸುತ್ತಾರೆ.

ನನ್ನವನ ಗಾಯ ಒಣಗಿದೆ, ಬಲಗೈಗೆ ಕತ್ತಿ ಬಂದಿದೆ. ಕುರ್ಚಿಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. ಈಗ ಇಬ್ಬರ ಮಧ್ಯೆ ಏನೂ ಇಲ್ಲ. ತಮ್ಮವನು ಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿದ್ದಾನೆ, ಎಡಗಡೆ ಪೂರ್ತಿ ತೆರೆದಿದೆ. ನನ್ನವನು ಆ ಕಡೆಗೆ ನುಗ್ಗಿದ. ಆದರೆ ನೆಲದ ಮೇಲೆ ಯಾರೋ ಚೆಲ್ಲಿದ ಬಿಯರ್ ಇತ್ತು, ಕಾಲು ಜಾರಿತು. ಕತ್ತಿ ತಮ್ಮವನ ತೋಳಿನ ಪಕ್ಕದಲ್ಲೇ ಹಾದು ಮೇಜಿಗೆ ನಾಟಿತು. ತಪ್ಪಿತು. ಇನ್ನು ತಮ್ಮ ಸರದಿ.

ಮಂಡಿ ಹೇಗಿದೆ? ಅವಸರ ಮಾಡಬೇಡಿ.

ತಮ್ಮ ಭಾಮೈದ

ಸಾಕ್ಷಿ: ಕಟಿಂಗ್ ಮೇಡಂ. ಇವರು ಕೇಳಿದ್ರು ಅಂತ ಹೆಸರು ಹಾಕ್ತಾ ಇದ್ದೀನಿ. ಜಾರಿದ್ದನ್ನ ನಾನು ನೋಡಿಲ್ಲ.


ಏಪ್ರಿಲ್ 19

ಕಟಿಂಗ್ ಮೇಡಮ್ಮಿಗೆ ನನ್ನ ನಮಸ್ಕಾರ ತಿಳಿಸು. ನಿಮ್ಮ ಕಾರ್ಖಾನೆಯಲ್ಲಿ ಸುಳ್ಳು ಹೇಳದವರು ಒಬ್ಬರಾದರೂ ಇದ್ದಾರೆ.

ನೀನು ಜಾರಲಿಲ್ಲ. ಎಡಗಡೆ ತೆರೆದಿದೆ ಎಂದು ನೋಡಿದೆ, ಅಲ್ಲಿ ನನ್ನ ಮಂಡಿ ಇದೆ ಎಂದು ನೆನಪಾಯಿತು, ಬಿಟ್ಟೆ. ಇಷ್ಟು ದಿನದ ಕಾಳಗದಲ್ಲಿ ನಿಜವಲ್ಲದ್ದು ಎಂದರೆ ಇದೊಂದೇ. ಕ್ಲಬ್ಬಿನವರೂ ಹೀಗೇ ಮಾತಾಡುತ್ತಾರೆ, "ಅವಸರ ಮಾಡಬೇಡಿ ಸಾರ್" ಎಂದು. ನೀನೊಬ್ಬನಾದರೂ ನನ್ನನ್ನು ಹೊಡೆಯುತ್ತಿದ್ದೀಯ ಎಂದುಕೊಂಡಿದ್ದೆ. ನಿನ್ನ ಸೌಟಿನ ಅಡಿಗೆಯವನು ಇದಕ್ಕಿಂತ ವಾಸಿ, ಅವನು ನನ್ನ ಮುಖ ನೋಡಲಿಲ್ಲ.

ಆಟ ಮುಗಿಯಿತು.

ಭಾವ


ಮೇ 8

ಗುಂಡ,

ನಿನ್ನ ಎರಡು ಕಾಗದವೂ ಬಂದವು. ಕ್ಷಮೆ ಕೇಳಿದ್ದೀಯ ಎಂದು ಒಡೆಯದೆಯೇ ಗೊತ್ತು ಇವರಿಗೆ, ಅದಕ್ಕೇ ಒಡೆದಿಲ್ಲ. ಕಿಟಕಿಯ ಪಕ್ಕದ ಕುರ್ಚಿಗೆ ಮತ್ತೆ ಹೋಗಿ ಕೂತಿದ್ದಾರೆ. ವ್ಯಾಯಾಮದ ಹುಡುಗಿಗೆ ಮತ್ತೆ ಕಾಫಿ.

ಮೊನ್ನೆ ಕ್ಲಬ್ಬಿನಿಂದ ಇಬ್ಬರು ಮಕ್ಕಳು ನೋಡಲು ಬಂದಿದ್ದರು. ಅವರಲ್ಲಿ ಚಿಕ್ಕವಳು "ಸಾರ್, ನೀವು ಬರದೆ ಇದ್ರೆ ನಮಗೆ ಯಾರೂ ಬಯ್ಯಲ್ಲ" ಅಂದಳು. ಇವರು ನಕ್ಕರು. ಅವರು ಹೋದ ಮೇಲೆ ಕೊಡೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ತುದಿಯನ್ನು ಬಟ್ಟೆಯಿಂದ ಒರೆಸಿದರು.

ನಾನು ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಸೂಜಿ ಚುಚ್ಚುವಾಗ ಕೈ ನಡುಗಿದರೆ ಎದುರಿಗೆ ಕೂತವರಿಗೆ ಹೆಚ್ಚು ನೋವು. ಅವರ ಮೇಲೆ ಕರುಣೆ ಇದ್ದರೆ ಒಂದೇ ಸಲ, ಸರಿಯಾದ ಜಾಗಕ್ಕೆ, ನೇರವಾಗಿ ಚುಚ್ಚಬೇಕು. ಕ್ಷಮೆಯ ಕಾಗದ ಇನ್ನು ಬರೆಯಬೇಡ.

ನಿನ್ನ ಅಕ್ಕ


ಮೇ 15

ಭಾವ,

ಇದರಲ್ಲಿ ಕ್ಷಮೆ ಇಲ್ಲ, ಒಡೆದು ಓದಬಹುದು. ಲಕೋಟೆಯ ಮೇಲೂ ಹಾಗೆಂದು ಬರೆದಿದ್ದೇನೆ.

ನನ್ನವನು ಜಾರಲಿಲ್ಲ. ಆ ಸಾಲನ್ನು ಹೊಡೆದುಹಾಕಿ. ಹೊಡೆದರೆ ಆಟ ಮುಗಿಯುತ್ತದೆ, ಮುಗಿದರೆ ನೀವು ಮತ್ತೆ ನನ್ನ ಜೊತೆ ಮಾತು ಬಿಡುತ್ತೀರಿ ಎಂದು ಹೆದರಿದೆ. ನಿಮ್ಮ ಮಂಡಿಗೆ ಹೆದರಿದ್ದು ಅದರ ಅರ್ಧದಷ್ಟೂ ಇಲ್ಲ. ನಾನು ನಿಮ್ಮ ಮನೆಯಲ್ಲಿ ಬೆಳೆದವನು. ಸೈಕಲ್ ಕಲಿಸುವಾಗ ನೀವು ಹೇಳದೆ ಕೇಳದೆ ಕೈ ಬಿಟ್ಟಿರಿ, ನಾನು ಬಿದ್ದೆ, ನೀವು ಎತ್ತಲು ಬರಲಿಲ್ಲ. ನಾನೇ ಎದ್ದು ಬಂದು ನಿಮ್ಮನ್ನು ಒದ್ದೆ. ನಾವು ಮಾತು ಬಿಟ್ಟ ಆ ವರ್ಷ ಪೂರ್ತಿ ಒದೆಯಲು ಯಾರೂ ಇರಲಿಲ್ಲ.

ಈಗ ಹೊಡೆಯುತ್ತಿದ್ದೇನೆ. ನಿಮ್ಮ ವಿದ್ಯೆಯಲ್ಲಿ ಒಂದು ಹೆಜ್ಜೆ ಇದೆಯಲ್ಲ, ಹಿಂದಿನ ಕಾಲನ್ನು ಊರಿ, ಮುಂದಿನ ಕಾಲನ್ನು ದೂರಕ್ಕೆ ಹಾಕಿ, ಮಂಡಿ ಮಡಿಸಿ, ಇಡೀ ಮೈಯನ್ನು ಚಾಚಿ ಚುಚ್ಚುವುದು. ಚಿಕ್ಕವನಿದ್ದಾಗ ನೀವು ಹೇಳಿಕೊಡಲು ಬಂದಾಗ ನಾನು ಓಡಿಹೋಗುತ್ತಿದ್ದ ಆ ನುಗ್ಗುಹೆಜ್ಜೆ. ಅಕ್ಕನ ಕಾಗದ ಬಂದ ದಿನದಿಂದ ಗೋದಾಮಿನಲ್ಲಿ ಅದನ್ನೇ ಮಾಡುತ್ತಿದ್ದೇನೆ. ತೊಡೆ ಹಿಡಿದುಕೊಂಡಿದೆ, ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತೇನೆ. ಇವತ್ತು ಸರಿಯಾಗಿ ಬಂತು. ಕೊಳವೆಯ ತುದಿ ಗೋಡೆಗೆ ಆನಿಸಿದ ರಟ್ಟಿನ ಹಾಳೆಯನ್ನು ತೂರಿಕೊಂಡು ಹೋಯಿತು. ನಿಮ್ಮವನ ಎಡಗಡೆ ತೆರೆದಿದೆ. ನನ್ನವನು ಅಲ್ಲಿಗೇ ಬರುತ್ತಿದ್ದಾನೆ, ಎದೆಗೆ, ನಿಲ್ಲಿಸದೆ, ಜಾರದೆ.

ಏನು ಮಾಡುತ್ತೀರೋ ಮಾಡಿ.

ಗುಂಡ

ಸಾಕ್ಷಿ: ಕಟಿಂಗ್ ಮೇಡಂ. ಈ ಸಲ ನಾನೇ ಕೇಳಿ ಸಹಿ ಹಾಕ್ತಾ ಇದ್ದೀನಿ. ಚೆನ್ನಾಗಿ ಮಾಡಿದ್ರು.


ಜೂನ್ 3

ಗುಂಡ,

ಹೊಡೆತ ಬಂದು ತಲುಪಿತು. ಅಂಚೆಯವನು ಕೊಟ್ಟು ಹೋದ ಕಾಗದವನ್ನು ನಿಂತುಕೊಂಡೇ ಓದಿದೆ.

ನುಗ್ಗುಹೆಜ್ಜೆ ಹಾಕಿ ಬರುವವನಿಗೆ ಉತ್ತರ ಎಂದರೆ ಹಿಂದಕ್ಕೆ ಜಿಗಿಯಬೇಕು, ಇಲ್ಲವೇ ನಾನೂ ನುಗ್ಗಬೇಕು. ನಾನು ಎಷ್ಟು ಮಕ್ಕಳಿಗೆ ಆ ಹೆಜ್ಜೆ ಕಲಿಸಿದ್ದೇನೋ ಲೆಕ್ಕವಿಟ್ಟಿಲ್ಲ. ನಿನ್ನೆ ನಡುಮನೆಯ ಮೇಜನ್ನು ಗೋಡೆಗೆ ತಳ್ಳಿಸಿ, ಕೊಡೆ ಹಿಡಿದು, ನುಗ್ಗಿದೆ. ಮಂಡಿ ಬರಲಿಲ್ಲ. ಕುಸಿದು ನೆಲದ ಮೇಲೆ ಕೂತೆ. ಎದ್ದು ಮತ್ತೆ ಮಾಡಿದೆ, ಮತ್ತೆ ಕೂತೆ. ವ್ಯಾಯಾಮದ ಹುಡುಗಿ ಅಲ್ಲೇ ಇದ್ದಳು. "ಇದು ಇನ್ನು ಬರುತ್ತಾ? ನಿಜ ಹೇಳಮ್ಮ" ಎಂದು ಕೇಳಿದೆ. ಅವಳು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು, "ಓಡಾಡ್ತೀರಿ, ಮೆಟ್ಟಿಲು ಹತ್ತುತ್ತೀರಿ ಸಾರ್. ಇದೊಂದು ಬರಲ್ಲ" ಅಂದಳು.

ನನಗೆ ಇದು ಆಸ್ಪತ್ರೆಯಲ್ಲೇ ಗೊತ್ತಿತ್ತು ಗುಂಡ. ನಾನು ಕುರ್ಚಿ ಬಿಟ್ಟು ಏಳದೆ ಇದ್ದದ್ದು ಅದಕ್ಕೇ. ಮಾಡಿ ನೋಡುವ ತನಕ ಅದು ಹೋಗಿರುವುದಿಲ್ಲವಲ್ಲ. ನಿನ್ನೆ ಮಾಡಿ ನೋಡಿದೆ, ಹೋಗಿದೆ. ನೆಲದ ಮೇಲೆ ಕೂತು ಒಂದಷ್ಟು ದುಃಖಪಟ್ಟೆ. ಆಮೇಲೆ ಹಸಿವಾಯಿತು.

ಊಟ ಮಾಡುವಾಗ ಹೊಳೆಯಿತು. ನಿನ್ನ ಅಕ್ಕನನ್ನು ಊಟದ ಮಧ್ಯದಲ್ಲೇ ಎಬ್ಬಿಸಿ, ಕೈಗೆ ಪೊರಕೆ ಕೊಟ್ಟು, "ನೀನೀಗ ಗುಂಡ. ನನ್ನ ಎದೆಗೆ ಗುರಿಯಿಟ್ಟು ನುಗ್ಗು, ನಿಲ್ಲಿಸಬೇಡ" ಎಂದೆ. ಅವಳಿಗೆ ನನ್ನ ಮೇಲೆ ಹಳೆಯ ಬಾಕಿ ಬಹಳ ಇತ್ತು ಎಂದು ಕಾಣುತ್ತದೆ, ಚೆನ್ನಾಗಿ ನುಗ್ಗಿದಳು. ನಾನು ಕಾಲು ಎತ್ತಲಿಲ್ಲ. ನಿಂತಲ್ಲೇ ನಿಂತು, ಕೈಯನ್ನು ಮಾತ್ರ ನೇರವಾಗಿ ಚಾಚಿದೆ. ಪೊರಕೆ ನನ್ನ ಎದೆಗೆ ಬಿತ್ತು, ಅವಳ ಹೆಗಲು ನನ್ನ ಕೊಡೆಗೆ ಬಂದು ತಾನಾಗಿ ಚುಚ್ಚಿಕೊಂಡಿತು. ನುಗ್ಗಿ ಬಂದವನಿಗೆ ಮಧ್ಯದಲ್ಲಿ ನಿಲ್ಲುವ ಬ್ರೇಕು ಇರುವುದಿಲ್ಲ. ನೀನು ಅರೆಮನಸ್ಸಿನಿಂದ ಬಂದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೆಜ್ಜೆಯನ್ನು ಸರಿಯಾಗಿ ಕಲಿತೆ, ಅದಕ್ಕೇ ಸತ್ತೆ. ನಾನೂ ಸತ್ತೆ. ನಿಜವಾದ ಕತ್ತಿಕಾಳಗ ಹೆಚ್ಚಾಗಿ ಹೀಗೇ ಮುಗಿಯುತ್ತದೆ, ಇಬ್ಬರೂ ಒಟ್ಟಿಗೆ. ಸರದಿಯ ಪ್ರಕಾರ ಸಾಯಿಸುವ ನಿನ್ನ ಪುಸ್ತಕದಲ್ಲಿ ಇದಕ್ಕೆ ಜಾಗವೇ ಇಲ್ಲ, ಬೇಕಾದರೆ ಹುಡುಕಿ ನೋಡು.

ಇವತ್ತು ಬೆಳಿಗ್ಗೆ ಕ್ಲಬ್ಬಿಗೆ ಹೋಗಿದ್ದೆ. ಅಭ್ಯಾಸದ ಕೋಣೆಯ ನಡುವೆ ನಿಂತು, ಕೈ ಚಾಚಿ, ಮಕ್ಕಳನ್ನು ಒಬ್ಬೊಬ್ಬರಾಗಿ ನನ್ನ ಮೇಲೆ ನುಗ್ಗಲು ಹೇಳಿದೆ. ಎಲ್ಲರೂ ನನ್ನ ತುದಿಗೆ ಬಂದು ಚುಚ್ಚಿಕೊಂಡರು. ಎಲ್ಲರಿಗೂ ಬಯ್ದೆ. ಆ ಚಿಕ್ಕವಳಿಗೆ ಎರಡು ಸಲ ಬಯ್ದೆ, ಅವಳು ಹಲ್ಲು ಕಿಸಿದಳು. ಸೋಮವಾರದಿಂದ ಕೆಲಸ.

ತಂಗುಮನೆಯ ನೆಲದ ಮೇಲೆ ಈಗ ಎರಡು ಹೆಣ ಬಿದ್ದಿವೆ, ಹೊರಗೆ ಎತ್ತಿ ಹಾಕಬೇಕು. ಇಂಥ ಕೆಲಸವೆಲ್ಲ ಅಂಚೆಯಲ್ಲಿ ಆಗುವುದಿಲ್ಲ. ಶನಿವಾರ ಮನೆಗೆ ಬಾ. ನಾನು ನಿದ್ದೆ ಮಾಡುತ್ತಿದ್ದರೆ ಬಾಗಿಲಲ್ಲಿ ನಿಂತು ಹೋಗಬೇಡ, ಎಬ್ಬಿಸು. ಆ ದಿನವೂ ನನಗೆ ನಿದ್ದೆ ಬಂದಿರಲಿಲ್ಲ.

ನಿನ್ನ ಭಾವ

ಸಾಕ್ಷಿ: ಅಕ್ಕ. ಇಬ್ಬರೂ ಸತ್ತದ್ದು ನಿಜ. ಹೆಗಲು ನೋಯುತ್ತಿದೆ. ಸಾಯುವಾಗ ಇವರು ನಗುತ್ತಿದ್ದರು.